ಹೊಣೆಗಾರರಿಲ್ಲದ ಮನೆಗಳು



2000ದ ಫೆಬ್ರವರಿ 2ರಂದು ಚೆನ್ನೈನ ವಿಶೇಷ ನ್ಯಾಯಾಲಯವು ತಮಿಳುನಾಡಿನ ಮಾಜಿ ಮುಖ್ಯಮಂತ್ರಿ ಜೆ. ಜಯಲಲಿತಾ ಅವರಿಗೆ ಒಂದು ವರ್ಷದ ಸಜೆ ವಿಧಿಸಿತು. ಮೊಕದ್ದಮೆ ಇದ್ದದ್ದು ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲಿನ ಪ್ಲೆಸೆಂಟ್ ಸ್ಟೇ ಎಂಬ ಹೋಟೆಲಿನ ಬಗ್ಗೆ. ಎರಡು ಮಹಡಿಗಷ್ಟೇ ಅವಕಾಶವಿದ್ದ ಬೆಟ್ಟದ ನೆತ್ತಿಯಲ್ಲಿ ಏಳು ಮಹಡಿ ಎದ್ದು ನಿಂತಿದ್ದವು. ನಿಯಮ ಸಡಿಲಿಸಿ 1994ರಲ್ಲಿ ಸರ್ಕಾರವೇ ಆದೇಶ ಹೊರಡಿಸಿತ್ತು. ಪಳನಿ ಬೆಟ್ಟಗಳ ಸಂರಕ್ಷಣಾ ಮಂಡಳಿಯವರು ಛಲ ಬಿಡದೆ ಕೋರ್ಟಿಗೆ ಅಲೆದಿದ್ದರಿಂದ ವಿಷಯ ಬಯಲಿಗೆ ಬಂತು. ತೀರ್ಪು ಬಂದ ದಿನವೇ ಧರ್ಮಪುರಿಯ ಹತ್ತಿರ ಗಲಭೆಕೋರರು ಕೃಷಿ ವಿಶ್ವವಿದ್ಯಾಲಯದ ಬಸ್ಸಿಗೆ ಬೆಂಕಿಯಿಟ್ಟರು. ಪ್ರವಾಸ ಮುಗಿಸಿ ಮರಳುತ್ತಿದ್ದ ಮೂವರು ವಿದ್ಯಾರ್ಥಿನಿಯರು ಬೆಂದುಹೋದರು. 2001ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಜಯಲಲಿತಾ ಅವರನ್ನು ಆ ಪ್ರಕರಣದಿಂದ ಖುಲಾಸೆ ಮಾಡಿತು.

ಆ ತೀರ್ಪುಗಳ ಸರಿತಪ್ಪನ್ನು ತೂಗುವುದಕ್ಕೆ ನಾನು ಇಲ್ಲಿ ನಿಂತಿಲ್ಲ. ಆ ಹೋಟೆಲಿನ ವಿಷಯದಲ್ಲಿ ಒಂದು ಸೌಕರ್ಯವಿತ್ತು, ಅದನ್ನು ಗಮನಿಸಿ. ಅದು ಕಣ್ಣಿಗೆ ಕಾಣುತ್ತಿತ್ತು. ರಸ್ತೆಯಲ್ಲಿ ನಿಂತು ಮಹಡಿ ಎಣಿಸಬಹುದಿತ್ತು. ಮಾಲೀಕರು ಯಾರು, ಅನುಮತಿ ಕೊಟ್ಟವರು ಯಾರು ಎಂದು ಕಡತ ತೆಗೆದು ಕೇಳಬಹುದಿತ್ತು. ಇಂದು ಅದೇ ಬೆಟ್ಟದಲ್ಲಿ ಪ್ರವಾಸಿಗರು ತಂಗುವುದು ಹೊರಗಿನಿಂದ ನೋಡಿದರೆ ಮನೆಯಂತೆಯೇ ಕಾಣುವ ಮನೆಗಳಲ್ಲಿ. ಬಾಗಿಲಿಗೆ ತೋರಣವಿರುತ್ತದೆ, ಅಂಗಳದಲ್ಲಿ ಡೇರೆ ಹೂವಿರುತ್ತದೆ. ರಾತ್ರಿ ಹನ್ನೆರಡಕ್ಕೆ ಒಳಗಿನಿಂದ ಕಿರುಚಾಟ ಕೇಳಿ ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ಉತ್ತರಿಸಬೇಕಾದವರು ಯಾರೂ ಇರುವುದಿಲ್ಲ. ಇಂದಿನ ನನ್ನ ಮಾತೆಲ್ಲ ಆ ತಟ್ಟಿದ ಬಾಗಿಲಿನ ಬಗ್ಗೆಯೇ.

ತಮಿಳುನಾಡಿನ ತೇನಿ, ದಿಂಡಿಗಲ್ ಜಿಲ್ಲೆಗಳು ಕನ್ನಡಿಗರಾದ ನಮಗೆ ದೂರದವಲ್ಲ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕಪ್ಪಿಲಿಯರು, ದಿಂಡಿಗಲ್ ಸುತ್ತಿನ ಅನುಪ್ಪರು ಮನೆಯೊಳಗೆ ಇಂದಿಗೂ ಕನ್ನಡ ಆಡುತ್ತಾರೆ. ಬರೆಯುವುದು ತಮಿಳಿನಲ್ಲಿ, ಓದುವುದು ತಮಿಳಿನಲ್ಲಿ. ಅಡುಗೆಮನೆಯ ಮಾತು ಮಾತ್ರ ನಮ್ಮದು. 1895ರಲ್ಲಿ ಪೆರಿಯಾರ್ ಅಣೆಕಟ್ಟೆಯ ನೀರು ಬೆಟ್ಟ ಕೊರೆದು ಈಚೆಗೆ ಹರಿದ ಮೇಲೆ ಹಸಿರಾದ ಆ ಕಣಿವೆಯಲ್ಲಿ ಭತ್ತ, ತೆಂಗು, ದ್ರಾಕ್ಷಿ ಬೆಳೆದ ಕೈಗಳಲ್ಲಿ ಈ ಕನ್ನಡಿಗರ ಕೈಗಳೂ ಇವೆ. ಇನ್ನೊಂದು ನಂಟು ಈಚಿನದು. ಶಬರಿಮಲೆಯ ಕಾಲದಲ್ಲಿ ಕಂಬಂ, ಕುಮಳಿಯ ದಾರಿ ಹಿಡಿಯುವ ನಮ್ಮ ಮಾಲಾಧಾರಿಗಳಿದ್ದಾರೆ. ಮೂರು ದಿನ ರಜೆ ಒಟ್ಟಿಗೆ ಬಂತೆಂದರೆ ಬೆಂಗಳೂರಿನಿಂದ ಹೊರಟು ಬತ್ಲಗುಂಡಿನ ಘಾಟ್ ಹತ್ತುವ ಕೆಎ ನೋಂದಣಿಯ ಕಾರುಗಳಿವೆ. ಹಾಗಾಗಿ ಅಲ್ಲಿಯ ತೊಂದರೆಯಲ್ಲಿ ನಾವು ನೆರೆಮನೆಯವರಾಗಿಯೂ ಇದ್ದೇವೆ, ಗದ್ದಲ ಮಾಡುವ ಅತಿಥಿಗಳಾಗಿಯೂ ಇದ್ದೇವೆ.

ಇಂಥ ಮನೆ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತೊಂದರೆಯ ಬೇರು ಇರುವುದು ಅಲ್ಲಿಯೇ. ಮನೆಯ ಒಡೆಯರು ಮದುರೆಯಲ್ಲೋ ಚೆನ್ನೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ವರ್ಷಕ್ಕೆ ಇಷ್ಟು ಎಂದು ಮಾತಾಡಿ ಮನೆಯನ್ನು ಲೀಸಿಗೆ ಕೊಟ್ಟಿರುತ್ತಾರೆ. ಲೀಸಿಗೆ ಪಡೆದವರು ಇಂಥ ಹತ್ತಾರು ಮನೆ ಇಟ್ಟುಕೊಂಡು ಎಲ್ಲಕ್ಕೂ ‘ಕಾಟೇಜ್’ ಎಂಬ ಹೆಸರಿಟ್ಟು ಮೊಬೈಲ್ ಆ್ಯಪ್‌ಗಳಲ್ಲಿ ಫೋಟೋ ಹಾಕುತ್ತಾರೆ. ಸೀಸನ್ನಿನಲ್ಲಿ ಘಾಟಿನ ತಿರುವುಗಳಲ್ಲಿ ನಿಂತು ‘ರೂಮ್, ರೂಮ್’ ಎಂದು ಕಾರಿಗೆ ಕೈ ಅಡ್ಡ ಹಿಡಿಯುವ ಬ್ರೋಕರ್‌ಗಳು ಬೇರೆ. ಕೊನೆಯಲ್ಲಿ ಬೀಗದ ಕೈ ಹಿಡಿದು ಬರುವವನು ಒಬ್ಬ ಕೇರ್‌ಟೇಕರ್ ಹುಡುಗ. ಅವನಿಗೆ ತಿಂಗಳ ಸಂಬಳ, ಮೂರು ನಾಲ್ಕು ಮನೆಗಳ ಕಸ ಗುಡಿಸುವ ಕೆಲಸ, ಗೀಸರ್ ಕೆಟ್ಟರೆ ಬೈಗುಳ. ಬಂದವರ ಆಧಾರ್ ಕಾರ್ಡಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಯಾರಿಗೋ ಹೋಗುತ್ತದೆ. ನಾಲ್ವರ ಹೆಸರಲ್ಲಿ ಹಿಡಿದ ಮನೆಗೆ ಹದಿನಾಲ್ಕು ಜನ ಬಂದಿಳಿದರೆ ‘ಆಗುವುದಿಲ್ಲ’ ಎನ್ನುವ ಅಧಿಕಾರ ಆ ಹುಡುಗನಿಗಿಲ್ಲ. ಅಧಿಕಾರ ಇರುವವರು ಸ್ಥಳದಲ್ಲಿಲ್ಲ. ಪೊಲೀಸರು ಬಂದ ದಿನ ಸ್ಟೇಷನ್ನಿಗೆ ಹೋಗುವವನು ಅವನೇ.

ಇಷ್ಟು ಕೈ ದಾಟುವ ಹೊತ್ತಿಗೆ ಹೊಣೆ ಕರಗಿಹೋಗಿರುತ್ತದೆ. ಆ್ಯಪ್ ನಡೆಸುವ ಕಂಪನಿಯವರು ‘ನಾವು ಮಧ್ಯವರ್ತಿಗಳಷ್ಟೇ’ ಎನ್ನುತ್ತಾರೆ, ಲೀಸುದಾರರು ‘ಮನೆ ನನ್ನದಲ್ಲ’ ಎನ್ನುತ್ತಾರೆ, ಒಡೆಯರು ‘ನನಗೆ ಗೊತ್ತೇ ಇರಲಿಲ್ಲ’ ಎನ್ನುತ್ತಾರೆ. ಮೂವರ ಮಾತೂ ತಾಂತ್ರಿಕವಾಗಿ ನಿಜವೇ ಇರಬಹುದು. ಅದೇ ನನ್ನ ಕಳವಳ.

ಉಪದ್ರವದ ಸ್ವರೂಪ ನೋಡಿ. ಪೂಂಬಾರೈ, ಮನ್ನವನೂರು, ಕೂಕ್ಕಲ್ ಕಡೆಯ ಇಳಿಜಾರುಗಳಲ್ಲಿ ಮೆಟ್ಟಿಲು ಗದ್ದೆ ಮಾಡಿ ಬೆಳ್ಳುಳ್ಳಿ, ಕ್ಯಾರೆಟ್, ಆಲೂಗಡ್ಡೆ ಬೆಳೆಯುವ ಜನ ಇದ್ದಾರೆ. ಅಲ್ಲಿಯ ಮಲೈ ಪೂಂಡು, ಅಂದರೆ ಬೆಟ್ಟದ ಬೆಳ್ಳುಳ್ಳಿಗೆ, 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅವರು ಬೆಳಕು ಹರಿಯುವ ಮುಂಚೆ ಹೊಲಕ್ಕಿಳಿಯುವವರು. ಪಕ್ಕದ ಮನೆಯಲ್ಲಿ ರಾತ್ರಿ ಎರಡರ ತನಕ ಸ್ಪೀಕರ್ ಬಡಿಯುತ್ತಿದ್ದರೆ ಅವರಿಗೆ ನಿದ್ದೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ನಿಷಿದ್ಧ, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಆದರೆ ನಿಯಮ ಜಾರಿಯಾಗಬೇಕಾದರೆ ಯಾರಾದರೂ ಠಾಣೆಗೆ ಫೋನ್ ಮಾಡಬೇಕು, ಠಾಣೆಯಿಂದ ಯಾರಾದರೂ ಮಂಜಿನಲ್ಲಿ ಬೆಟ್ಟದ ದಾರಿ ಹಿಡಿದು ಬರಬೇಕು. ಅಷ್ಟರಲ್ಲಿ ಬಂದವರು ಮಲಗಿರುತ್ತಾರೆ. ಮಾರನೆಯ ದಿನ ಖಾಲಿ ಮಾಡುತ್ತಾರೆ, ಶನಿವಾರ ಬೇರೊಂದು ತಂಡ ಬರುತ್ತದೆ. ಗದ್ದಲ ಮಾಡಿದವರು ಪ್ರತಿ ವಾರ ಹೊಸಬರು, ನಿದ್ದೆಗೆಟ್ಟವರು ಮಾತ್ರ ಹಳಬರೇ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೆಯ ಕಲಂ ವಿಧಿಸುವ ದಂಡದ ಗರಿಷ್ಠ ಮಿತಿ ಒಂದು ಸಾವಿರ ರೂಪಾಯಿ. ಹಿಂದಿನ ದಂಡ ಸಂಹಿತೆಯಲ್ಲಿ ಅದು ಇನ್ನೂರು ರೂಪಾಯಿ ಇತ್ತು. ಈಗಿನ ಸಾವಿರವನ್ನೇ ಹದಿನಾಲ್ಕು ಜನರಿಗೆ ಹಂಚಿದರೆ ತಲೆಗೆ ನೂರು ರೂಪಾಯಿಯೂ ಬೀಳುವುದಿಲ್ಲ.

ಇನ್ನು ಕಸ. ಕೊಡೈಕೆನಾಲಿನ ಬೀದಿಗಳಿಗೆ ಕಾಟಿಗಳು ಇಳಿದು ಬರುತ್ತವೆ, ಊರಿನವರಿಗೆ ಅದು ದಿನನಿತ್ಯದ ನೋಟ. ಕಾಡಂಚಿನ ಮನೆಯ ಹಿಂದೆ ಎಸೆದ ಬಿಯರ್ ಬಾಟಲಿಯ ಚೂರು ಆ ಪ್ರಾಣಿಗಳ ಗೊರಸಿಗೆ ಸಿಗುತ್ತದೆ. ಎಂಜಲು ತಿಂಡಿಯ ಪೊಟ್ಟಣ ಅವುಗಳ ಹೊಟ್ಟೆ ಸೇರುತ್ತದೆ. ಶಿಬಿರದ ಬೆಂಕಿ ಎಂದು ಒಣ ಹುಲ್ಲಿನ ಪಕ್ಕದಲ್ಲೇ ಸೌದೆ ಹೊತ್ತಿಸಿ ಕೊಡುವ ಮನೆಗಳೂ ಇವೆ. ನೀರಿನ ಮಾತು ಇದಕ್ಕಿಂತ ಕಹಿ. ಬೇಸಿಗೆಯಲ್ಲಿ ಊರಿನ ನಲ್ಲಿ ಒಣಗಿರುವಾಗ ಈ ಮನೆಗಳಿಗೆ ಟ್ಯಾಂಕರ್ ಬರುತ್ತದೆ.

ಉಪದ್ರವದಿಂದ ಅಪರಾಧಕ್ಕೆ ದೂರ ಬಹಳವಿಲ್ಲ. 2020ರ ಫೆಬ್ರವರಿಯಲ್ಲಿ ಕೊಡೈಕೆನಾಲಿನ ಮೇಲ್ಬೆಟ್ಟದ ಗುಂಡುಪಟ್ಟಿಯ ಹತ್ತಿರ ಒಂದು ಖಾಸಗಿ ಜಮೀನಿನಲ್ಲಿ ಮಾದಕವಸ್ತುಗಳ ಕೂಟ ನಡೆದಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ಕರೆ ಹೋಗಿ ಇನ್ನೂರೈವತ್ತಕ್ಕೂ ಹೆಚ್ಚು ಯುವಜನ ಸೇರಿದ್ದರು. ಪೊಲೀಸರು ದಾಳಿ ಮಾಡಿ ಎಲ್ಲರನ್ನೂ ತಡೆದು ವಿಚಾರಿಸಿದರು. ಆ ಬೆಟ್ಟದ ಸೈಲೋಸಿಬಿನ್ ಅಣಬೆಯ ಹೆಸರು ಹೇಳಿಕೊಂಡೇ ಊರೂರಿನಿಂದ ಹುಡುಗರು ಬರುತ್ತಾರೆ. ಸೈಲೋಸಿಬಿನ್ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ವಸ್ತು. ಮಾರುವವರು ಕೆಲವರು, ಕೊಳ್ಳುವವರು ಕೆಲವರು, ಆದರೆ ಮಾರಾಟ ಕುದುರುವುದಕ್ಕೆ ಬೇಕಾದ ನಾಲ್ಕು ಗೋಡೆ ಒದಗಿಸುವುದು ಹೆಚ್ಚಾಗಿ ಇಂಥ ಬಾಡಿಗೆ ಮನೆಗಳೇ.

ಬಂದವರೇ ಎಲ್ಲದಕ್ಕೂ ಕಾರಣ ಎಂದು ಹೇಳಿದರೆ ಅರ್ಧ ಸತ್ಯ ಹೇಳಿದಂತೆ. ಎಷ್ಟೋ ಸಲ ಮೋಸಹೋಗುವವರು ಅವರೇ. ಇಲ್ಲದ ಕಾಟೇಜಿನ ಫೋಟೋ ತೋರಿಸಿ ಯುಪಿಐ ಮೂಲಕ ಮುಂಗಡ ಕಿತ್ತುಕೊಂಡು ಫೋನ್ ಆಫ್ ಮಾಡುವವರಿದ್ದಾರೆ. ಮಲಗುವ ಕೋಣೆಯಲ್ಲಿ ಗುಟ್ಟಾಗಿ ಕ್ಯಾಮೆರಾ ಇಡುವ ಭಯ ಇಂದು ಬಾಡಿಗೆ ಮನೆಗೆ ಕಾಲಿಡುವ ಪ್ರತಿ ಹೆಣ್ಣುಮಗಳಿಗೂ ಇದೆ. ಕದ್ದು ನೋಡುವ, ಚಿತ್ರ ಹಿಡಿಯುವ ಅಪರಾಧಕ್ಕೆ ನ್ಯಾಯ ಸಂಹಿತೆಯ 77ನೆಯ ಕಲಂ ಇದೆ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷದ ಸಜೆಯಿದೆ. ಚಳಿಗೆ ಇದ್ದಿಲ ಒಲೆಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗಿ ಏಳದೇ ಹೋದ ತರುಣರ ಸುದ್ದಿ ಕೊಡೈಕೆನಾಲಿನಿಂದಲೇ ಬಂದಿದೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟೊಂದರಲ್ಲಿ ಗ್ಯಾಸ್ ಹೀಟರಿನ ಹೊಗೆಗೆ ಕೇರಳದ ಎಂಟು ಜನ ಸತ್ತರು. ಅವರಲ್ಲಿ ನಾಲ್ವರು ಮಕ್ಕಳು. ಇದ್ದಿಲು ಒಳಗೆ ತರಬೇಡಿ, ಕಿಟಕಿ ಸ್ವಲ್ಪ ತೆರೆದಿಡಿ ಎಂದು ಹೇಳುವುದಕ್ಕೆ ಮನೆಯಲ್ಲಿ ಒಬ್ಬ ಅಕ್ಕನೋ ಅಣ್ಣನೋ ಇದ್ದಿದ್ದರೆ ಇಂಥ ಸಾವುಗಳಲ್ಲಿ ಕೆಲವಾದರೂ ತಪ್ಪುತ್ತಿದ್ದವು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಮಾದಕವಸ್ತು ಕಾಯ್ದೆಯ 25ನೆಯ ಕಲಮಿನ ಪ್ರಕಾರ ತನ್ನ ಮನೆ, ಕೋಣೆ, ಅಂಗಳವನ್ನು ಇಂಥ ಅಪರಾಧಕ್ಕೆ ತಿಳಿದೂ ಬಿಟ್ಟುಕೊಟ್ಟ ಒಡೆಯನಿಗೂ ಅಪರಾಧಿಗೆ ಆಗುವ ಶಿಕ್ಷೆಯೇ ಆಗುತ್ತದೆ. ಕಲಂ ಕಠಿಣವಾಗಿದೆ. ಆದರೆ ಅದರ ಬಲವೆಲ್ಲ ನಿಂತಿರುವುದು ‘ತಿಳಿದೂ’ ಎಂಬಲ್ಲಿ. ಸ್ಥಳದಲ್ಲೇ ಇಲ್ಲದ ಒಡೆಯನಿಗೆ ತಿಳಿಯುವುದೆಲ್ಲಿ ಬಂತು? ದೂರ ಇದ್ದಷ್ಟೂ ಅವನು ಸುರಕ್ಷಿತ. ಅಂಗಳದಲ್ಲೇ ವಾಸವಿದ್ದು ಎರಡು ಕೋಣೆ ಬಾಡಿಗೆಗೆ ಕೊಡುವ ಪೂಂಬಾರೈಯ ರೈತ ಮಹಿಳೆ ‘ನನಗೆ ಗೊತ್ತಿರಲಿಲ್ಲ’ ಎಂದರೆ ಪೊಲೀಸರು ನಂಬುವುದಿಲ್ಲ. ಚೆನ್ನೈಯಲ್ಲಿ ಕೂತವರು ಅದೇ ಮಾತು ಹೇಳಿದರೆ ನಂಬುತ್ತಾರೆ. ಕಣ್ಣೆದುರು ಇದ್ದು ನೋಡಿಕೊಳ್ಳುವವರಿಗೇ ಅಪಾಯ ಹೆಚ್ಚು ಎನ್ನುವಂತಾಗಿದೆ.

ಇದಕ್ಕೆ ಉಪಾಯ ನಮ್ಮ ಕಾನೂನಿನಲ್ಲೇ ಬೇರೆ ಕಡೆ ಇದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 3ನೆಯ ಕಲಮಿಗೆ ಆಮೇಲೆ ಸೇರಿಸಿದ ಒಂದು ಉಪಕಲಂ ಹೀಗಿದೆ: ವೇಶ್ಯಾವಾಟಿಕೆಗೆ ಬಳಕೆಯಾದ ಮನೆಯಲ್ಲಿ ಶೋಧ ನಡೆದು ಸಿಕ್ಕಿದ್ದರ ಪಟ್ಟಿಯನ್ನು ಒಡೆಯನಿಗೆ ಕೊಟ್ಟಿದ್ದರೆ, ಅಥವಾ ಅವನಿರುವ ಊರಿನಲ್ಲಿ ಓದುವ ಪತ್ರಿಕೆಯಲ್ಲಿ ವರದಿ ಬಂದಿದ್ದರೆ, ಅಲ್ಲಿಂದ ಮುಂದೆ ಅವನಿಗೆ ತಿಳಿದಿದೆ ಎಂದೇ ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಧಿಸುವ ಭಾರ ಅವನದು. ರಜಾ ಬಾಡಿಗೆ ಮನೆಗಳಿಗೂ ಇಂಥದೊಂದು ವಿಧಿ ಬೇಕೆಂದು ನಾನು ಕೇಳುತ್ತೇನೆ. ಮೊದಲ ಸಲ ತೊಂದರೆಯಾದಾಗ ಗೊತ್ತಿರಲಿಲ್ಲ ಎಂಬ ಮಾತನ್ನು ಒಪ್ಪೋಣ. ಠಾಣೆಯಿಂದ ಲಿಖಿತ ನೋಟಿಸು ಹೋದ ಮೇಲೆ ಎರಡನೆಯ ಸಲಕ್ಕೆ ಒಪ್ಪುವುದು ಬೇಡ.

ವಿದೇಶಿಯರ ವಿಷಯದಲ್ಲಿ ಈ ಎಚ್ಚರ ಮೊದಲಿನಿಂದ ಇದೆ. ಯಾರೇ ವಿದೇಶಿಯನ್ನು ಮನೆಯಲ್ಲಿ ಇಳಿಸಿಕೊಂಡರೂ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ವರದಿ ಮಾಡಬೇಕು. ಕೊಡೈಕೆನಾಲಿನ ಕೆಳಗಿನ ವಟ್ಟಕನಾಲ್ ಹಳ್ಳಿಗೆ ಇಸ್ರೇಲಿ ತರುಣರು ಗುಂಪಾಗಿ ಬಂದು ತಿಂಗಳುಗಟ್ಟಲೆ ಇರುತ್ತಾರೆ. 2016ರಲ್ಲಿ ಕಣ್ಣೂರಿನ ಕನಕಮಲದಲ್ಲಿ ಬಂಧಿತರಾದ ಉಗ್ರರ ಗುಂಪು ವಟ್ಟಕನಾಲಿಗೆ ಬರುವ ಆ ಪ್ರವಾಸಿಗರ ಮೇಲೆ ಕಣ್ಣಿಟ್ಟಿತ್ತು ಎಂಬುದು ರಾಷ್ಟ್ರೀಯ ತನಿಖಾ ದಳದ ಆರೋಪವಾಗಿತ್ತು. ವಿದೇಶಿಯರ ಬಗೆಗಿನ ಆ ವರದಿ ಅತಿಥಿಯ ಮೇಲಿನ ಅನುಮಾನದ ಕಾಗದ ಎಂದು ಹಲವರು ತಿಳಿದಿದ್ದಾರೆ. ಅತಿಥಿ ಎಲ್ಲಿದ್ದಾನೆಂದು ಗೊತ್ತಿದ್ದರೆ ತಾನೇ ಅವನನ್ನು ಕಾಯುವುದು?

ಈಗ ತಪ್ಪು ಮದ್ದುಗಳ ಮಾತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ರೋಗಕ್ಕಿಂತ ಮದ್ದೇ ಹೆಚ್ಚು ಹಾನಿ ಮಾಡಿದ ಉದಾಹರಣೆಗಳು ನಮ್ಮ ಸುತ್ತಲೇ ಇವೆ. 2019ರಲ್ಲಿ ಕೊಯಮತ್ತೂರಿನಲ್ಲಿ ದಿನಬಾಡಿಗೆಯ ಅಪಾರ್ಟ್‌ಮೆಂಟೊಂದಕ್ಕೆ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ಒಂದು ಕೋಣೆಯಲ್ಲಿ ಮದುವೆಯಾಗದ ಜೋಡಿ ಇತ್ತು, ಇನ್ನೊಂದರಲ್ಲಿ ಮದ್ಯದ ಬಾಟಲಿ ಸಿಕ್ಕಿತು ಎಂಬ ಕಾರಣ ಕೊಟ್ಟರು. ಮದುವೆಯಾಗದ ಇಬ್ಬರು ವಯಸ್ಕರು ಒಂದು ಕೋಣೆಯಲ್ಲಿ ತಂಗುವುದನ್ನು ಅಪರಾಧವೆನ್ನುವ ಯಾವ ಕಾನೂನೂ ಇಲ್ಲ ಎಂದು ಆ ವರ್ಷದ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿ ಬೀಗ ತೆಗೆಸಿತು. ಮಂಗಳೂರಿನ ಪಡೀಲಿನ ಹೋಂಸ್ಟೇಯನ್ನು ಕನ್ನಡಿಗರು ಮರೆಯುವ ಹಾಗಿಲ್ಲ. 2012ರ ಜುಲೈ 28ರಂದು ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು, ಹೆಣ್ಣುಮಕ್ಕಳ ಮೈಮೇಲೆ ಕೈಮಾಡಿತು, ಅದನ್ನೆಲ್ಲ ಕ್ಯಾಮೆರಾ ಹಿಡಿದು ದೇಶಕ್ಕೇ ತೋರಿಸಿದ್ದಾಯಿತು. ಹನ್ನೆರಡು ವರ್ಷ ಕಳೆದು 2024ರ ಆಗಸ್ಟಿನಲ್ಲಿ ಮಂಗಳೂರಿನ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಆ ಮನೆಯಲ್ಲಿ ಅಂದು ನಡೆದ ಅಪರಾಧ ಹೊರಗಿನಿಂದ ಒಳಗೆ ಬಂದದ್ದು. ‘ಹೋಂಸ್ಟೇಗಳಲ್ಲಿ ಅನಾಚಾರ’ ಎಂದು ಯಾರಾದರೂ ಧ್ವನಿ ಎತ್ತಿದಾಗಲೆಲ್ಲ ನನಗೆ ಆ ಮಕ್ಕಳ ಮುಖ ನೆನಪಾಗುತ್ತದೆ. ಯಾರ ಜೊತೆ ಯಾರು ಬಂದರು ಎಂಬುದು ನೆರೆಯವರ ವಿಷಯವಲ್ಲ, ಪೊಲೀಸರ ವಿಷಯವೂ ಅಲ್ಲ. ಶಬ್ದ, ಬೆಂಕಿ, ಕಸ, ಮಾದಕವಸ್ತು, ಹಿಂಸೆ, ಇವು ಎಲ್ಲರ ವಿಷಯ.

ಇನ್ನೊಂದು ತಪ್ಪು ಮದ್ದು ಸಾರಾಸಗಟು ಬೀಗ. ಕೊಡೈಕೆನಾಲಿನ ಮಾಸ್ಟರ್ ಪ್ಲಾನ್ 1993ರದು. ಊರು ಎಷ್ಟೋ ಪಟ್ಟು ಬೆಳೆದರೂ ಅದು ದಶಕಗಳ ಕಾಲ ಹಾಗೆಯೇ ಉಳಿಯಿತು. ವಸತಿಗೆಂದು ಗುರುತಿಸಿದ ಜಾಗದಲ್ಲಿ ಬಾಡಿಗೆ ಕೋಣೆ ನಡೆಸಲು ಅನುಮತಿ ಸಿಗುವುದಿಲ್ಲ. ಅನುಮತಿ ಸಿಗದಿದ್ದರೂ ಜನ ನಡೆಸುತ್ತಾರೆ. ಹೈಕೋರ್ಟಿನ ಮದುರೆ ಪೀಠದ ಆದೇಶದಂತೆ 2019ರಲ್ಲಿ ಅನೇಕ ವಸತಿಗೃಹ, ಕಾಟೇಜುಗಳಿಗೆ ಬೀಗಮುದ್ರೆ ಬಿತ್ತು. ಊರಿನ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಕೋರ್ಟಿನ ಸಂಕಟ ನನಗೆ ಅರ್ಥವಾಗುತ್ತದೆ, ಬೆಟ್ಟ ಅಷ್ಟು ಭಾರ ಹೊರಲಾರದು. ಆದರೆ ಒಂದು ಪರಿಣಾಮವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅನುಮತಿಯಿಲ್ಲದ ಮನೆಯವರು ತಮ್ಮ ಮನೆಯಲ್ಲಿ ಕಳ್ಳತನವಾದರೂ ಹೊಡೆದಾಟವಾದರೂ ಪೊಲೀಸರನ್ನು ಕರೆಯುವುದಿಲ್ಲ. ಕರೆದರೆ ಮೊದಲು ಬೀಳುವುದು ತಮ್ಮ ಬಾಗಿಲಿಗೇ ಬೀಗ. ನಿಯಮ ಮುರಿದ ಅತಿಥಿಗೆ ಆ ಗುಟ್ಟು ಗೊತ್ತಿರುತ್ತದೆ. ಎಲ್ಲರನ್ನೂ ಕಾನೂನಿನ ಆಚೆಗೆ ದೂಡಿದ ಮೇಲೆ ಅಲ್ಲಿ ಕಾನೂನು ಕಾಯುವವರು ಯಾರೂ ಉಳಿಯುವುದಿಲ್ಲ.

ನನ್ನ ವಾದಕ್ಕೆ ಒಂದು ಎದುರು ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ ಹೋಂಸ್ಟೇ ನಡೆಸುವ ಮಹಿಳೆ ತನ್ನ ಅತಿಥಿಗಳನ್ನು ಕಾಲುವೆಯ ದಂಡೆಗೆ ಕರೆದೊಯ್ದಿದ್ದರು. ಬೈಕಿನಲ್ಲಿ ಬಂದ ಮೂವರು ಗಂಡಸರು ಹಣ ಕೇಳಿ ಜಗಳ ತೆಗೆದು ಜೊತೆಗಿದ್ದ ಗಂಡಸರನ್ನು ನೀರಿಗೆ ತಳ್ಳಿದರು, ಆ ಮಹಿಳೆಯ ಮೇಲೂ ಇಸ್ರೇಲಿನ ಅತಿಥಿಯ ಮೇಲೂ ಅತ್ಯಾಚಾರ ಮಾಡಿದರು. ಒಡಿಶಾದ ಪ್ರವಾಸಿಯೊಬ್ಬರು ಮುಳುಗಿ ತೀರಿಕೊಂಡರು. ಅಲ್ಲಿ ಮನೆಯವರು ಜೊತೆಗೇ ಇದ್ದರು, ಇರಬೇಕಾದ ರೀತಿಯಲ್ಲೇ ಇದ್ದರು. ಮನೆಯೊಡತಿಯ ಕಾವಲೊಂದೇ ಸಾಲದು; ಊರಿನ ಕಾವಲೂ ಬೇಕು, ಬೀದಿದೀಪವೂ ಬೇಕು, ಗಸ್ತೂ ಬೇಕು. ಹೆಣ್ಣುಮಕ್ಕಳು ಹೋಂಸ್ಟೇ ನಡೆಸುವಾಗ ಹೊರುವ ಅಪಾಯದ ಬಗ್ಗೆ ನಮ್ಮ ಪ್ರವಾಸೋದ್ಯಮ ಇಲಾಖೆಗಳು ಇನ್ನೂ ಬಾಯಿಬಿಟ್ಟು ಮಾತಾಡಿಲ್ಲ.

ತೇನಿ ಜಿಲ್ಲೆಯ ಕಡೆ ಹೊರಳಿದರೆ ಹೊಣೆಯ ಪ್ರಶ್ನೆ ಗಡಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೊಳುಕ್ಕುಮಲೈ ಚಹಾ ತೋಟ ಇರುವುದು ತಮಿಳುನಾಡಿನ ತೇನಿಯಲ್ಲಿ. ಅಲ್ಲಿಗೆ ಜೀಪಿನ ದಾರಿ ಇರುವುದು ಕೇರಳದ ಸೂರ್ಯನೆಲ್ಲಿಯಿಂದ. ಸೂರ್ಯೋದಯ ನೋಡಲು ಜನ ಕೇರಳದ ಕಡೆಯಿಂದ ಹತ್ತುತ್ತಾರೆ, ಬೆಟ್ಟದ ನೆತ್ತಿಯ ಸುತ್ತ ಟೆಂಟುಗಳಲ್ಲಿ ಮಲಗುತ್ತಾರೆ. ರಾತ್ರಿ ಏನಾದರೂ ಆದರೆ ಯಾವ ರಾಜ್ಯದ ಪೊಲೀಸರಿಗೆ ಫೋನ್ ಮಾಡಬೇಕು? 2018ರ ಮಾರ್ಚ್ 11ರಂದು ಕೊಳುಕ್ಕುಮಲೈಯಿಂದ ಬೋಡಿಯ ಕಡೆಯ ಕುರಂಗಣಿಗೆ ಇಳಿಯುತ್ತಿದ್ದ ಚಾರಣಿಗರು ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ತರುಣಿಯರು. ಆಮೇಲೆ ಅದೇ ವರ್ಷ ತಮಿಳುನಾಡು ಚಾರಣಕ್ಕೆ ನಿಯಮಾವಳಿ ತಂದಿತು. ಅದೇ ಜಿಲ್ಲೆಯ ಮೇಘಮಲೈ ಬೆಟ್ಟದಲ್ಲಿ ಮಾತ್ರ ಚಿನ್ನಮನೂರಿನ ಕಡೆಯ ಅರಣ್ಯ ತಪಾಸಣಾ ಕಟ್ಟೆ ಕತ್ತಲಾದ ಮೇಲೆ ಗೇಟು ಹಾಕುತ್ತದೆ. ಅದರಿಂದ ಎಷ್ಟೋ ತೊಂದರೆ ಅಲ್ಲಿ ಹುಟ್ಟದೆ ಉಳಿದಿದೆ ಎಂದು ನನ್ನ ನಂಬಿಕೆ. 2021ರಿಂದ ಆ ಕಾಡು ಶ್ರೀವಿಲ್ಲಿಪುತ್ತೂರು ಮೇಘಮಲೈ ಹುಲಿ ಮೀಸಲಿಗೆ ಸೇರಿದೆ.

ಹೊರದೇಶದವರು ಏನು ಮಾಡಿದರು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. 2019ರ ಹ್ಯಾಲೋವೀನ್ ರಾತ್ರಿ ಕ್ಯಾಲಿಫೋರ್ನಿಯಾದ ಒರಿಂಡಾದಲ್ಲಿ ಏರ್‌ಬಿಎನ್‌ಬಿ ಮೂಲಕ ಹಿಡಿದ ಮನೆಯೊಂದರ ಕೂಟದಲ್ಲಿ ಗುಂಡು ಹಾರಿ ಐವರು ಸತ್ತ ಮೇಲೆ ಕಂಪನಿ ಪಾರ್ಟಿ ಮನೆಗಳನ್ನು ನಿಷೇಧಿಸಿತು. 2024ರ ಏಪ್ರಿಲ್ ಕೊನೆಯಿಂದ ಮನೆಯೊಳಗೆ ಕ್ಯಾಮೆರಾ ಇಡುವುದನ್ನೂ ನಿಲ್ಲಿಸಿತು. ಬಾರ್ಸಿಲೋನಾ ನಗರ 2028ರ ಹೊತ್ತಿಗೆ ಹತ್ತು ಸಾವಿರ ಚಿಲ್ಲರೆ ಪ್ರವಾಸಿ ಮನೆಗಳ ಪರವಾನಗಿಯನ್ನೇ ಕೊನೆಗಾಣಿಸಲು ಹೊರಟಿದೆ. ನನಗೆ ಮೆಚ್ಚಿಕೆಯಾದದ್ದು ನ್ಯೂಯಾರ್ಕಿನ ನಿಯಮ. 2023ರ ಸೆಪ್ಟೆಂಬರಿನಿಂದ ಅಲ್ಲಿ ಮೂವತ್ತು ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಡುವವರು ನಗರದಲ್ಲಿ ಹೆಸರು ನೋಂದಾಯಿಸಬೇಕು, ಅತಿಥಿಗಳು ಇರುವಷ್ಟು ದಿನವೂ ಅದೇ ಮನೆಯಲ್ಲಿ ತಾವೂ ಇರಬೇಕು. ಇದರಿಂದ ಹೋಟೆಲುಗಳಿಗೆ ಲಾಭವಾಯಿತು ಎಂಬ ದೂರಿದೆ, ಅದರಲ್ಲಿ ಹುರುಳೂ ಇರಬಹುದು. ಆದರೆ ಪ್ರಶ್ನೆಯನ್ನು ಅವರು ಸರಿಯಾದ ಕಡೆ ಇಟ್ಟರು. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾನ್ಯತೆಯ ಯೋಜನೆಯಲ್ಲೂ ಒಡೆಯರು ಅದೇ ಮನೆಯಲ್ಲಿ ವಾಸವಿರಬೇಕು, ಆರು ಕೋಣೆ ಮೀರಬಾರದು ಎಂಬ ಶರತ್ತು ಇದೆ. ಆದರೆ ಆ ಮಾನ್ಯತೆ ಇಷ್ಟವಿದ್ದವರು ಪಡೆಯುವಂಥದು.

ಹಿಂದೆ ಈ ನಾಡಿನಲ್ಲಿ ಅಪರಿಚಿತರಿಗೆ ಮಲಗಲು ಜಾಗ ಕೊಡುವುದು ಹೊಸದೇನಾಗಿರಲಿಲ್ಲ. ಪಳನಿಗೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿಗೆ ಮಠಗಳಿದ್ದವು, ಛತ್ರಗಳಿದ್ದವು, ಪ್ರತಿ ಛತ್ರಕ್ಕೂ ಒಬ್ಬ ಮಣಿಯಗಾರನೋ ಧರ್ಮಕರ್ತನೋ ಇದ್ದ. 1845ರಲ್ಲಿ ಮದುರೆಯ ಅಮೆರಿಕನ್ ಪಾದ್ರಿಗಳು ಕೊಡೈಕೆನಾಲಿನಲ್ಲಿ ಕಟ್ಟಿದ ಮೊದಲ ಎರಡು ಬಂಗಲೆಗಳೂ ರಜಾ ಮನೆಗಳೇ. ಬ್ರಿಟಿಷರು 1867ರಲ್ಲೇ ಸರಾಯ್ ಕಾಯ್ದೆ ತಂದು ತಂಗುದಾಣ ನಡೆಸುವವರ ಹೆಸರನ್ನು ಮ್ಯಾಜಿಸ್ಟ್ರೇಟರ ಪುಸ್ತಕದಲ್ಲಿ ಬರೆಸಿದರು. ಕಂಬಂನ ನಮ್ಮ ಕಪ್ಪಿಲಿಯರಲ್ಲಿ ಇನ್ನೂ ಚೆಂದದ ಒಂದು ಏರ್ಪಾಡಿದೆ. ಅಲ್ಲಿ ನಂದಗೋಪಾಲನ ಹೆಸರಿಗೆ ಬಿಟ್ಟ ದನಗಳ ದೊಡ್ಡಿ ಇದೆ, ತಂಬಿರಾನ್ ತೊಳು ಎನ್ನುತ್ತಾರೆ. ಮಾಟ್ಟುಪ್ಪೊಂಗಲ್ ದಿನ ಊರೆಲ್ಲ ಅಲ್ಲಿ ಸೇರುತ್ತದೆ. ಆ ಹಿಂಡಿಗೆ ಖಾಸಗಿ ಒಡೆಯರಿಲ್ಲ, ಅದು ದೇವರದು. ಹಾಗಿದ್ದೂ ಮೇಯಿಸುವವರು, ಕಟ್ಟುವವರು, ಕುಲಕ್ಕೆ ಲೆಕ್ಕ ಒಪ್ಪಿಸುವವರು ಇದ್ದೇ ಇದ್ದಾರೆ. ದೇವರ ದನಕ್ಕೇ ಇಷ್ಟು ಏರ್ಪಾಡು ಮಾಡಿದ ಜನರ ಕಣಿವೆಯ ಮೇಲೆಯೇ ಇಂದು ಮನುಷ್ಯರು ಮಲಗುವ ಮನೆಗಳಿಗೆ ಉತ್ತರಿಸುವವರಿಲ್ಲ.

ಮದ್ರಾಸ್ ಹೈಕೋರ್ಟ್ 2024ರ ಮೇ 7ರಿಂದ ಊಟಿ, ಕೊಡೈಕೆನಾಲುಗಳಿಗೆ ಇ-ಪಾಸ್ ಕಡ್ಡಾಯ ಮಾಡಿತು. 2025ರ ಬೇಸಿಗೆಗೆ ಕೊಡೈಕೆನಾಲಿನ ವಾಹನಗಳನ್ನು ವಾರದ ದಿನಗಳಲ್ಲಿ 4,000ಕ್ಕೆ, ವಾರಾಂತ್ಯದಲ್ಲಿ 6,000ಕ್ಕೆ ಮಿತಿಗೊಳಿಸಿತು. ಒಳ್ಳೆಯ ಹೆಜ್ಜೆ. ಆದರೆ ಎಣಿಕೆ ರಸ್ತೆಯ ಗೇಟಿನಲ್ಲಿ ನಿಲ್ಲಬಾರದು, ಮನೆಯ ಗೇಟಿನ ತನಕ ಹೋಗಬೇಕು. ಪಾಸು ತೆಗೆಯುವಾಗಲೇ ತಂಗುವ ಮನೆಯ ನೋಂದಣಿ ಸಂಖ್ಯೆ ಕೇಳಿದರೆ ನೋಂದಣಿಯಿಲ್ಲದ ಮನೆಗೆ ಗಿರಾಕಿಯೇ ಹುಟ್ಟುವುದಿಲ್ಲ. ನೋಂದಣಿಯನ್ನು ಸುಲಭ ಮಾಡಬೇಕು, ವಾಸವಿರುವ ಒಡೆಯರಿಗೆ ಶುಲ್ಕ ಕಡಿಮೆ ಇರಬೇಕು. ಎರಡು ಕೋಣೆಯ ರೈತ ಮನೆಯನ್ನೂ ಹತ್ತು ಮನೆ ಲೀಸಿಗೆ ಹಿಡಿದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಒಡೆಯರು ವಾಸವಿಲ್ಲದ ಮನೆಯಿಂದ ಪುರಸಭೆ ಠೇವಣಿ ಇಡಿಸಿಕೊಳ್ಳಲಿ. ನೀಲಗಿರಿಯಲ್ಲಿ 2022ರ ಮೇ ತಿಂಗಳಿನಿಂದ ಟಾಸ್ಮಾಕ್ ಎಂಬ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ಮರಳಿಸಿದರೆ ಹಿಂದಿರುಗಿಸುತ್ತಿವೆ. ಹತ್ತು ರೂಪಾಯಿಯ ಆಸೆಗೆ ಕಾಡಿನಿಂದ ಬಾಟಲಿ ಹೊರಗೆ ಬರುತ್ತದೆ ಎಂದಾದರೆ, ಲಕ್ಷ ರೂಪಾಯಿಯ ಠೇವಣಿ ಉಳಿಸಿಕೊಳ್ಳಲು ಮನೆಯೊಡೆಯರೂ ಫೋನ್ ಎತ್ತುತ್ತಾರೆ. ನೆರೆಯವರ ದೂರು ರುಜುವಾದಾಗ ದಂಡ ಆ ಠೇವಣಿಯಿಂದ ಹೋಗಲಿ, ಮೂರನೆಯ ಸಲಕ್ಕೆ ನೋಂದಣಿಯೂ ಹೋಗಲಿ.

ಕೇರ್‌ಟೇಕರ್‌ನ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಯಾವ ಸಮಿತಿಯ ವರದಿಯೂ ಅವನಿಂದ ಶುರುವಾಗುವುದಿಲ್ಲ. ಅವನಿಗೆ ನೇಮಕಾತಿ ಪತ್ರ ಬೇಕು. ಅದರಲ್ಲಿ, ಹೆಚ್ಚಿಗೆ ಬಂದವರನ್ನು ವಾಪಸು ಕಳಿಸುವ ಮತ್ತು ರಾತ್ರಿ ಹತ್ತಕ್ಕೆ ಸ್ಪೀಕರ್ ನಿಲ್ಲಿಸುವ ಅಧಿಕಾರ ಅವನಿಗಿದೆ, ಹಾಗೆ ಮಾಡಿ ಹಣ ನಷ್ಟವಾದರೆ ಸಂಬಳ ಕಡಿಯುವಂತಿಲ್ಲ ಎಂದು ಬರೆದಿರಬೇಕು. ಗೇಟಿನ ಮೇಲೆ ತಮಿಳಿನಲ್ಲಿ, ಪಕ್ಕದ ಮನೆಯ ಅಜ್ಜಿಗೂ ಓದಲು ಬರುವಷ್ಟು ದೊಡ್ಡದಾಗಿ, ಒಡೆಯರ ಹೆಸರು, ಲೀಸುದಾರರ ಹೆಸರು, ರಾತ್ರಿ ಎತ್ತುವ ಫೋನ್ ನಂಬರು ಮೂರೂ ಇರಬೇಕು. ಮತ್ತೆ ನಮ್ಮ ಊರುಗಳಿಂದ ಮುಂದಿನ ರಜೆಗೆ ಕೊಡೈಕೆನಾಲಿಗೋ ಮೇಘಮಲೈಗೋ ಹೊರಡುವವರು ಮುಂಗಡ ಕಳಿಸುವ ಮೊದಲು ಫೋನಿನಲ್ಲಿ ಕೇಳಿ: ರಾತ್ರಿ ಆ ಮನೆಯಲ್ಲಿ ನಿಮ್ಮ ಕಡೆಯವರು ಯಾರು ಇರುತ್ತಾರೆ, ಅವರ ಹೆಸರೇನು, ನೋಂದಣಿ ಸಂಖ್ಯೆ ಎಷ್ಟು? ಉತ್ತರ ತಡವರಿಸಿದರೆ ಬೇರೆ ಮನೆ ನೋಡಿ.